ಆಷಾಢಕ್ಕೊಂದು ಮೇಜು

ಮಗಳೇ,

ಕಳಸದ ಮನೆಗೆ ವಾಪಸು ಬಂದು ನೆಲೆ ನಿಂತಿದ್ದೀಯ, ಆಫೀಸಿನ ಕೆಲಸ ಮನೆಯಿಂದಲೇ ನಡೆಯುತ್ತದೆ, ಇನ್ನು ಪುಟಾಣಿ ಗೊಂಬೆಗಳಿಗೆ ಬಣ್ಣ ಹಚ್ಚಲಿಕ್ಕೆ ಅಂತಲೇ ಒಂದು ಜಾಗ ಮಾಡಿಕೊಳ್ಳಬೇಕು, ಏನೇನು ತರಿಸಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ಪಟ್ಟಿ ಕಳಿಸುವುದು ಸುಲಭ. ಆದರೆ ನೀನು ನೋಡುತ್ತಿರುವ ವಿಡಿಯೋಗಳನ್ನು ಮಾಡಿದವರಲ್ಲಿ ಬಹಳ ಮಂದಿ ಒಣ ಊರಿನವರು, ಇಲ್ಲವೇ ಮನೆಯೊಳಗೆ ಹೀಟರ್ ಹಾಕಿಕೊಂಡು ಕೂರುವ ದೇಶದವರು. ಅವರ ಪಟ್ಟಿ ಹಿಡಿದು ಮೇಜು ಹೂಡಿದರೆ ಜುಲೈ ಮುಗಿಯುವುದರೊಳಗೆ ಬ್ರಷ್ಷಿಗೆ ಬೂಷ್ಟು ಬಂದಿರುತ್ತದೆ.

ನಮ್ಮ ಸೀಮೆಯ ತಮಾಷೆ ಒಂದಿದೆ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಕಣ. ಮಾರ್ಚ್-ಏಪ್ರಿಲಿನಲ್ಲಿ ಹೂಮಳೆಗೆ ಬಾಯಿ ಬಿಟ್ಟುಕೊಂಡು ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿಸುವುದು. ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆಸುವ ಗಡಿಬಿಡಿ. ಆಷಾಢ ಬಂದ ಮೇಲೆಯೇ ತೋಟದ ಮನೆಯಲ್ಲಿ ಯಾರಾದರೂ ಒಂದು ಕಡೆ ಕೂರುವುದು. ಬಣ್ಣಕ್ಕೆ, ಅಂಟಿಗೆ, ಬ್ರಷ್ಷಿಗೆ ವರ್ಷದಲ್ಲೇ ಕೆಟ್ಟ ಕಾಲವೂ ಅದೇ. ಕೈಗೆ ಬಿಡುವಿದ್ದಾಗ ಗಾಳಿ ಒದ್ದೆ. ಗಾಳಿ ಒಣಗಿದಾಗ ಕೈಗೆ ಬಿಡುವಿಲ್ಲ. ಆದ್ದರಿಂದ ನನ್ನ ಕಿವಿಮಾತು ಇಷ್ಟೇ: ಮೇಜನ್ನು ಆಷಾಢಕ್ಕೆಂದೇ ಹೂಡು. ಆಷಾಢದಲ್ಲಿ ಕೆಲಸ ನಡೆಯುವ ಮೇಜಿನ ಮೇಲೆ ಉಳಿದ ತಿಂಗಳಲ್ಲಿ ತಂತಾನೇ ನಡೆಯುತ್ತದೆ.

ಮೊದಲು ಜಾಗ. ನಮ್ಮ ಮಳೆ ಬರುವುದು ಪಡುವಣದಿಂದ. ಪಶ್ಚಿಮದ ಕಿಟಕಿಯ ಕೆಳಗೆ ಮೇಜು ಹಾಕಿದರೆ ಒಂದು ಗಾಳಿಮಳೆಗೆ ಎರಚಲು ಒಳಗೆ ಹೊಡೆದು ಎಲ್ಲ ತೋಯುತ್ತದೆ. ಜಗಲಿ ಬೇಡ, ಬಂದುಹೋಗುವವರ ಜಾಗ ಅದು, ಕೊಯ್ಲಿನ ಕಾಲದಲ್ಲಿ ಕಣದ ದೂಳೂ ಅಲ್ಲಿಗೇ ಬರುತ್ತದೆ. ಅಟ್ಟದಲ್ಲಿ ಬೇಸಿಗೆಯ ಮಧ್ಯಾಹ್ನ ಹೆಂಚಿನ ಕಾವು ಇಳಿಯುತ್ತದೆ, ಮಳೆಗಾಲದಲ್ಲಿ ಹೆಂಚಿನ ಸಂದಿಯ ಸೋನೆ. ಬಚ್ಚಲೊಲೆಯ ಪಕ್ಕ ಬೆಚ್ಚಗಿರುತ್ತದೆ ನಿಜ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೂ ಅಲ್ಲೇ. ಆದರೆ ಆ ಹೊಗೆಯ ಮಸಿ ಗೊಂಬೆಯ ಮುಖದ ಮೇಲೆ ಕೂತರೆ ಬಿಡಿಸಲಾಗದು. ಇವೆಲ್ಲ ಬಿಟ್ಟರೆ ಉಳಿಯುವುದು ಉತ್ತರಕ್ಕೋ ಪೂರ್ವಕ್ಕೋ ಕಿಟಕಿ ಇರುವ ಒಳಕೋಣೆ. ಚಿಕ್ಕದಾದಷ್ಟೂ ಒಳ್ಳೆಯದು; ಚಿಕ್ಕ ಕೋಣೆಯನ್ನು ಒಣಗಿಟ್ಟುಕೊಳ್ಳುವುದು ಸುಲಭ.

ಉತ್ತರದ ಕಿಟಕಿಯಲ್ಲಿ ಬಿಸಿಲು ಬೀಳದೆ ಬೆಳಕು ಒಂದೇ ಸಮ ಇರುತ್ತದೆ ಎಂದು ಯುರೋಪಿನ ಚಿತ್ರಕಾರರು ಹೇಳಿದ್ದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ನಮ್ಮದು ಹದಿಮೂರು ಡಿಗ್ರಿ ಅಕ್ಷಾಂಶದ ಊರು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಕಿಟಕಿಗೂ ಒಂದು ತೆಳು ಬಿಳಿ ಪರದೆ ಬೇಕಾಗಬಹುದು. ಜೂನಿನ ನಂತರ ಮೋಡವೇ ಪರದೆ. ಕೋಣೆಯ ಮಾಡಿನಲ್ಲಿ ಗಾಜಿನ ಹೆಂಚು ಇದ್ದರೆ ಅದರ ನೇರ ಕೆಳಗೆ ಮಾತ್ರ ಕೂರಬೇಡ; ಆ ಬಿಸಿಲುಕೋಲು ಗಂಟೆಗೊಂದು ಕಡೆ ಸರಿಯುತ್ತಾ ಕಣ್ಣು ಕುಕ್ಕುತ್ತದೆ.

ಮೇಜು ಹೊಸದು ಕೊಳ್ಳಬೇಡ. ಮೂರಡಿ ಉದ್ದ, ಎರಡಡಿ ಅಗಲದ ಹಳೆಯ ಮರದ ಮೇಜು ಮನೆಯಲ್ಲೇ ಎಲ್ಲೋ ಇರುತ್ತದೆ. ಗೋಡೆಗೆ ಒತ್ತಿ ಹಾಕದೆ ಒಂದು ಗೇಣು ಬಿಡು. ಮಳೆಗಾಲದಲ್ಲಿ ಮಣ್ಣಿನ ಗೋಡೆ ಬೆವರುತ್ತದೆ. ನಾಲ್ಕು ಕಾಲಿನಡಿಗೂ ಟೈಲ್ಸ್ ಚೂರು ಕೊಟ್ಟು, ತಿಂಗಳಿಗೊಮ್ಮೆ ಬಗ್ಗಿ ಒರಲೆ ಹತ್ತಿದೆಯಾ ನೋಡು. ಮೇಲೆ ಒಂದು ಗಾಜು ಹಾಸಿದರೆ ಬಣ್ಣ ಚೆಲ್ಲಿದರೂ ಬ್ಲೇಡಿನಲ್ಲಿ ಕೆರೆದು ತೆಗೆಯಬಹುದು.

ಕೂರುವ ರೀತಿ ಬ್ರಷ್ಷಿಗಿಂತ ಮುಖ್ಯ. ನೀನು ಬಣ್ಣ ಹಚ್ಚುವುದು 28 ಮಿಲಿಮೀಟರಿನ ಗೊಂಬೆಗೆ. ಅದರ ಕಣ್ಣು ಸಾಸಿವೆಗಿಂತ ಸಣ್ಣದು. ಗೊಂಬೆಯ ಕಡೆ ನೀನು ಬಗ್ಗಬಾರದು, ಗೊಂಬೆಯೇ ನಿನ್ನ ಎದೆಯ ಎತ್ತರಕ್ಕೆ ಬರಬೇಕು. ಎರಡೂ ಮುಂಗೈ ಮೇಜಿನ ಅಂಚಿಗೆ ಊರಿ, ಎರಡು ಮಣಿಕಟ್ಟು ಒಂದಕ್ಕೊಂದು ತಾಗಿಸಿಕೊ. ಆಗ ಒಂದು ಕೈ ನಡುಗಿದರೆ ಇನ್ನೊಂದೂ ಅದರ ಜೊತೆಗೇ ಅಲುಗುತ್ತದೆ, ಗೆರೆ ಮಾತ್ರ ನೆಟ್ಟಗೆ ಬರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಕಿಟಕಿಯಾಚೆ ಅಡಿಕೆ ಮರದ ತಲೆ ನೋಡು. ಕಣ್ಣಿನ ಡಾಕ್ಟರರು ಹೇಳುವುದೂ ಇದನ್ನೇ.

ಗೊಂಬೆಯನ್ನು ಬೆರಳಲ್ಲಿ ಹಿಡಿದರೆ ಹಚ್ಚಿದ ಬಣ್ಣ ಸವೆಯುತ್ತದೆ, ಹಿಡಿಕೆ ಬೇಕು. ಹೊರದೇಶದವರು ಅದಕ್ಕೂ ದುಡ್ಡು ಕೊಡುತ್ತಾರೆ. ನಿನ್ನ ತೋಟದಲ್ಲಿ ಕಾಫಿ ಗಿಡ ಕಸಿ ಮಾಡಿ ರೆಂಬೆ ಸವರಿದಾಗ ಬಿದ್ದ ಕೋಲುಗಳಿವೆಯಲ್ಲ? ಎರಡು ಬೆರಳು ದಪ್ಪದ್ದನ್ನು ಆರಿಸಿ ಮೂರು ಇಂಚಿನ ತುಂಡು ಮಾಡಿ, ತೊಗಟೆ ತೆಗೆದು ಬೇಸಿಗೆಯ ಬಿಸಿಲಲ್ಲಿ ಒಣಗಿಸಿಡು. ಕಾಫಿ ಕಟ್ಟಿಗೆ ಗಟ್ಟಿ, ಎಳೆ ಬಿಗಿ, ಕೈಗೆ ನುಣುಪು. ತಲೆಯ ಮೇಲೆ ಒಂದು ಚೂರು ಬ್ಲೂ ಟ್ಯಾಕ್ ಇಟ್ಟು ಗೊಂಬೆ ಕೂರಿಸಿದರೆ ಮುಗಿಯಿತು. ಇದು ಜಿಪುಣತನವಲ್ಲ ಮಾರಾಯ್ತಿ. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಹುಣಸೆ ಕಡ್ಡಿ ಸುಟ್ಟು ಇದ್ದಿಲಿನ ಪೆನ್ಸಿಲ್ ಮಾಡಿಕೊಂಡವರು, ಅಳಿಲಿನ ಕೂದಲಲ್ಲಿ ಕುಂಚ ಕಟ್ಟಿದವರು. ಕೈಗೆ ಸಿಕ್ಕಿದ್ದರಲ್ಲಿ ಸಲಕರಣೆ ಮಾಡಿಕೊಳ್ಳುವುದು ಈ ಕೆಲಸದ ಹಳೆಯ ಪದ್ಧತಿ.

ಹಾಗೆಂದು ಎಲ್ಲ ಹಳೆಯದನ್ನೂ ಇಲ್ಲಿಗೆ ತರಬೇಡ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ಗೊಂಬೆಯ ಮೈ ತಿದ್ದುತ್ತಾರೆ. ಅದನ್ನು ನೋಡಿ ನೀನೂ ಗೊಂಬೆಯ ಬುಡಕ್ಕೆ ಹುಣಸೆಬೀಜದ ಸರಿ ಮಾಡಲು ಹೊರಟರೆ ಕಷ್ಟ. ಅದು ಬಯಲುಸೀಮೆಯ ಒಣ ಗಾಳಿಯ ವಿದ್ಯೆ. ಇಲ್ಲಿ ಆ ಅಂಟಿಗೆ ಮೊದಲು ಬೂಷ್ಟು, ಆಮೇಲೆ ಹುಳ. ಇಲ್ಲಿಗೆ ಎರಡು ಉಂಡೆ ಕಲಸಿ ಮೆತ್ತುವ ಎಪಾಕ್ಸಿ ಪುಟ್ಟಿ, ನಲ್ಲಿ ಸೋರಿದರೆ ಹಚ್ಚುತ್ತೇವಲ್ಲ, ಆ ಎಂ-ಸೀಲ್ ಜಾತಿಯದ್ದೇ ಸರಿ. ಮರದ ಪಾಚಿ ತಂದು ಹುಲ್ಲಿನ ಹಾಗೆ ಅಂಟಿಸುವ ಆಸೆಯಾದರೆ ಅದನ್ನು ಮಾರ್ಚಿನಲ್ಲೇ ಕಿತ್ತು, ಗರಿಗರಿ ಒಣಗಿಸಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಇನ್ನೊಮ್ಮೆ ಒಣಗಿಸು. ಹಸಿ ಪಾಚಿ ಗೊಂಬೆಯ ಬುಡದಲ್ಲೇ ಮತ್ತೆ ಬದುಕಿಕೊಳ್ಳುತ್ತದೆ.

ಈಗ ತೇವದ ವಿಷಯಕ್ಕೆ ಬರೋಣ. ಮನೆಯಲ್ಲಿ ಕಾಫಿಯ ತೇವ ನೋಡುವ ಮೀಟರ್ ಇದೆ. ಪಾರ್ಚ್‌ಮೆಂಟ್ ಶೇಕಡ 10ಕ್ಕೆ ಇಳಿಯದೆ ನಿಮ್ಮಪ್ಪ ಚೀಲ ಕಟ್ಟಿಸುವುದಿಲ್ಲ. ಬಣ್ಣದ ಕೋಣೆಗೂ ಅದೇ ಶಿಸ್ತು ಬೇಕು. ಗಾಳಿಯ ತೇವ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ, ಕೈಗಡಿಯಾರದಷ್ಟು ದೊಡ್ಡದು. ನೀನು ಕೊಳ್ಳುವ ಮೊದಲ ಸಾಮಾನು ಅದಾಗಲಿ. ಶೇಕಡ 60ರ ಒಳಗಿದ್ದರೆ ನಿಶ್ಚಿಂತೆ. ಎಪ್ಪತ್ತು ದಾಟಿ ಹಲವು ದಿನ ನಿಂತರೆ ಬೂಷ್ಟು ಏಳುತ್ತದೆ. ನಮ್ಮಲ್ಲಿ ಜುಲೈ ತಿಂಗಳಿಡೀ ಅದು ತೊಂಬತ್ತರ ಆಸುಪಾಸಿನಲ್ಲೇ ಕೂತಿರುವುದೂ ಉಂಟು. ಇಡೀ ಕೋಣೆಯನ್ನು ಒಣಗಿಸಲು ಹೋಗಬೇಡ, ಒಂದು ಪೆಟ್ಟಿಗೆಯನ್ನು ಒಣಗಿಸು.

ಹೇಗೆ ಎಂದರೆ, ಬಾಗಿಲು ಬಿಗಿಯಾಗಿ ಕೂರುವ ಚಿಕ್ಕ ಮರದ ಬೀರು ಒಂದನ್ನು ಮೇಜಿನ ಪಕ್ಕ ಇಟ್ಟುಕೊ. ಕೆಳಗಿನ ಅಂಕಣದಲ್ಲಿ ಹದಿನೈದು ವಾಟಿನ ಹಳೇ ಕಾಲದ ತಂತಿ ಬಲ್ಬು, ಸುತ್ತ ತಗಡಿನ ಮರೆ, ಯಾವ ಸಾಮಾನೂ ಅದಕ್ಕೆ ತಾಗಬಾರದು. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ನಮಗೆ ಬೇಕಾದದ್ದು ಅದರ ಬೆಳಕಲ್ಲ, ಕಾವು. ಕ್ಯಾಮೆರಾ ಇಟ್ಟುಕೊಂಡ ಮಲೆನಾಡಿನವರು ಲೆನ್ಸಿಗೆ ಫಂಗಸ್ ಬಾರದ ಹಾಗೆ ಮಾಡಿಕೊಂಡು ಬಂದ ಉಪಾಯ ಇದು. ಕರೆಂಟ್ ಹೋದ ದಿನಗಳಿಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್. ನೀಲಿ ಬಣ್ಣದ್ದು ಬೇಡ, ಅದರಲ್ಲಿರುವ ಕೋಬಾಲ್ಟ್ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ್ದು ತರಿಸು. ಬಣ್ಣ ಬದಲಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಬ್ರಷ್ಷಿನಲ್ಲಿ ಎಲ್ಲರೂ ತೀರಾ ಸಣ್ಣದನ್ನು ಹುಡುಕುತ್ತಾರೆ. ಬೇಕಾದದ್ದು ಚೂಪು ತುದಿ, ತುಂಬಿದ ಹೊಟ್ಟೆ. ಒಂದನೇ ನಂಬರಿನ ಒಳ್ಳೆಯ ಬ್ರಷ್ಷಿನ ತುದಿಯಲ್ಲಿ ಕಣ್ಣುಗುಡ್ಡೆಯೂ ಬರೆಯಬಹುದು, ಸೀರೆಯ ಮಡಿಕೆಯೂ ತುಂಬಬಹುದು. ಪ್ರಾಣಿಯ ಕೂದಲಿನದು ಒಂದೇ ಇರಲಿ. ನುಸಿ, ಬೂಷ್ಟು ಎರಡಕ್ಕೂ ಅದು ಇಷ್ಟ. ದಿನದ ಕೆಲಸಕ್ಕೆ ನೈಲಾನಿನದು ಸಾಕು. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆದು ತುದಿ ಕೂಡಿಸಿ ಮಲಗಿಸಿ ಒಣಗಿಸು. ಒದ್ದೆ ಬ್ರಷ್ಷನ್ನು ಲೋಟದಲ್ಲಿ ತಲೆ ಮೇಲೆ ಮಾಡಿ ನಿಲ್ಲಿಸಿದರೆ ನೀರು ತಗಡಿನ ಕತ್ತಿನೊಳಗೆ ಇಳಿದು ಕೂದಲು ಕಳಚುತ್ತದೆ.

ಬಣ್ಣದ ತಟ್ಟೆಯ ವಿಷಯದಲ್ಲಂತೂ ವಿಡಿಯೋದವರ ಮಾತನ್ನು ತಿರುಗಿಸಿ ಹಾಕಬೇಕು. ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ ಎಂದು ಅವರು ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಕಲಸುತ್ತಾರೆ. ಮಾರ್ಚಿನಲ್ಲಿ ನೀನೂ ಹಾಗೇ ಮಾಡು. ಜುಲೈಯಲ್ಲಿ ಮುಚ್ಚಿಟ್ಟ ಆ ಡಬ್ಬಿ ಕೆಲವೇ ದಿನದಲ್ಲಿ ಹಳಸಿದ ವಾಸನೆ ಹೊಡೆಯುತ್ತದೆ. ಸ್ಪಂಜಿನಡಿ ತಾಮ್ರದ ಚೂರು ಹಾಕುವವರಿದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋದಲ್ಲಿ ಬೂಷ್ಟಿನ ಜಾತಿಯನ್ನು ತಡೆಯುವುದೂ ತಾಮ್ರವೇ, ಹಾಗಾಗಿ ಅದರಲ್ಲಿ ಅರ್ಥವಿಲ್ಲದಿಲ್ಲ. ಆದರೆ ಮಳೆಗಾಲದಲ್ಲಿ ಆ ತಾಪತ್ರಯವೇ ಬೇಡ. ಬಚ್ಚಲಿಗೆ ಹಾಕಿಸಿ ಉಳಿದ ಬಿಳಿ ಟೈಲ್ಸ್ ಒಂದರ ಮೇಲೆ ಬಣ್ಣ ಕಲಸಿಕೊ. ಆಷಾಢದ ಗಾಳಿಯೇ ಅದನ್ನು ಒದ್ದೆಯಾಗಿ ಇಟ್ಟಿರುತ್ತದೆ.

ಹಚ್ಚಿದ ಬಣ್ಣವೂ ಹಾಗೇ ನಿಧಾನ. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಒಣಗುವ ಪದರ ಮಳೆಗಾಲದಲ್ಲಿ ಅರ್ಧ ಗಂಟೆ ಕೇಳಬಹುದು. ಮೇಲೆ ಒಣಗಿದ ಹಾಗೆ ಕಂಡು ಒಳಗೆ ಹಸಿ ಇದ್ದಾಗ ಎರಡನೇ ಪದರ ಎಳೆದರೆ ಮೊದಲನೆಯದು ಚಿಂದಿಯಾಗಿ ಏಳುತ್ತದೆ. ಅದಕ್ಕೆ ಒಂದೇ ಗೊಂಬೆ ಹಿಡಿದು ಕೂರಬೇಡ. ಆರು ಗೊಂಬೆ ಸಾಲಿಗಿಟ್ಟುಕೊ; ಆರಕ್ಕೂ ಮೊದಲು ಚರ್ಮದ ಬಣ್ಣ, ಆಮೇಲೆ ಆರಕ್ಕೂ ಬಟ್ಟೆ. ಆರನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಒಣಗಿರುತ್ತದೆ. ಸೂಪರ್ ಗ್ಲೂ ಮಾತ್ರ ಇದಕ್ಕೆ ತದ್ವಿರುದ್ಧ. ಅದು ಗಟ್ಟಿಯಾಗುವುದೇ ತೇವದಿಂದ, ಹಾಗಾಗಿ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಟ್ಯೂಬಿನೊಳಗೂ ಬೇಗ ಕಲ್ಲಾಗುತ್ತದೆ, ಸುತ್ತ ಬಿಳಿ ಮಬ್ಬು ಬಿಡುತ್ತದೆ. ಚಿಕ್ಕ ಚಿಕ್ಕ ಟ್ಯೂಬು ಕೊಂಡು ಸಿಲಿಕಾ ಜೆಲ್ ಡಬ್ಬಿಯಲ್ಲಿಡು, ಅಂಟಿಸುವಾಗ ಸೂಜಿಮೊನೆಯಷ್ಟೇ ತೆಗೆದುಕೊ.

ಸ್ಪ್ರೇ ಪ್ರೈಮರ್, ಸ್ಪ್ರೇ ವಾರ್ನಿಷ್ ಎರಡನ್ನೂ ಜೂನಿನಿಂದ ಸೆಪ್ಟೆಂಬರಿನವರೆಗೆ ಮುಟ್ಟಲೇಬೇಡ. ತೇವದ ಗಾಳಿಯಲ್ಲಿ ಪ್ರೈಮರ್ ಪುಡಿಪುಡಿಯಾಗಿ ಕೂರುತ್ತದೆ. ವಾರ್ನಿಷ್ ಹೊಡೆದರೆ ವಾರಗಟ್ಟಲೆ ಕೂತು ಬರೆದ ಮುಖದ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಕಣದಲ್ಲಿ ಕಾಫಿ ಒಣಗುವ ಕಾಲವೇ ಸ್ಪ್ರೇ ಹೊಡೆಯುವ ಕಾಲ. ಸಂಕ್ರಾಂತಿಯ ಆಚೀಚೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಬರುವ ಮಳೆಗಾಲಕ್ಕೆ ಬೇಕಾದ ಗೊಂಬೆಗಳಿಗೆಲ್ಲ ಒಟ್ಟಿಗೇ ಪ್ರೈಮರ್ ಹೊಡೆದು ಬೀರುವಿನಲ್ಲಿ ಜೋಡಿಸಿಡು. ಕಣದ ಹತ್ತಿರ ಹೊಡೆಯಬೇಡ, ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ; ನಿಮ್ಮಪ್ಪ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಹೊಸ ಗೊಂಬೆ ಬಂದರೆ ಬ್ರಷ್ಷಿನಲ್ಲಿ ಹಚ್ಚುವ ಪ್ರೈಮರ್ ಇದೆ. ವಾರ್ನಿಷ್ ದೀಪಾವಳಿ ಕಳೆದ ಮೇಲೆ ನೋಡಿಕೊಳ್ಳೋಣ.

ಮೋಡದ ದಿನ ಕಿಟಕಿಯ ಬೆಳಕು ಸಾಲದು. ಎಡಕ್ಕೊಂದು ಬಲಕ್ಕೊಂದು ಬಗ್ಗಿಸಬಹುದಾದ ಎಲ್‌ಇಡಿ ದೀಪ ಇದ್ದರೆ ನಿನ್ನ ಕೈಯ ನೆರಳು ಗೊಂಬೆಯ ಮೇಲೆ ಬೀಳುವುದಿಲ್ಲ. ಪೆಟ್ಟಿಗೆಯ ಮೇಲೆ ಎರಡು ಅಂಕಿ ನೋಡಿ ಕೊಳ್ಳು: 5000ದಿಂದ 6500 ಕೆಲ್ವಿನ್, ಸಿಆರ್‌ಐ 90ಕ್ಕೆ ಮೇಲೆ. ಹಳದಿ ಬಲ್ಬಿನಡಿ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಕಾಣದು, ರಾತ್ರಿ ಚೆಂದ ಕಂಡ ಮುಖ ಬೆಳಿಗ್ಗೆ ಕಾಮಾಲೆ ಬಂದ ಹಾಗಿರುತ್ತದೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು ನಮ್ಮ ಕಡೆ ಮಾಮೂಲು, ಪವರ್ ಬ್ಯಾಂಕಿನಿಂದ ಉರಿಯುವ ದೀಪವೇ ಆಗಲಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡು. ಮೊದಲ ಮಳೆ ಬಿದ್ದ ಸಂಜೆ ಮಾತ್ರ ಕೆಲಸಕ್ಕೆ ರಜ. ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತಿ, ರೆಕ್ಕೆ ಉದುರಿಸಿ, ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತವೆ. ಕಿಟಕಿಗೆ ಸೊಳ್ಳೆಪರದೆ ಹೊಡೆಸಿದ್ದರೂ ಅವು ಹೇಗೋ ಬರುತ್ತವೆ.

ಒಂದು ವಿಷಯದಲ್ಲಿ ನಾನು ದೊಡ್ಡಪ್ಪನ ಗತ್ತಿನಲ್ಲೇ ಹೇಳುತ್ತೇನೆ: ಬ್ರಷ್ಷಿನ ತುದಿ ಕೂಡಿಸಲು ಬಾಯಿಗೆ ಇಡಬೇಡ. ಸಣ್ಣ ಗೊಂಬೆ ಬರೆಯುವವರಲ್ಲಿ ಈ ಚಟ ಬಹಳ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ 1917ರಿಂದ ಗಡಿಯಾರದ ಮುಖಕ್ಕೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳಿಗೆ ತುಟಿಯಲ್ಲೇ ತುದಿ ಮಾಡಿಕೊಳ್ಳಲು ಕಲಿಸಿದ್ದರು. ದವಡೆಯ ಮೂಳೆ ಕೊಳೆತು ಎಷ್ಟೋ ಜನ ಸತ್ತರು. ನಿನ್ನ ಬಣ್ಣದಲ್ಲಿ ರೇಡಿಯಂ ಇಲ್ಲ. ಆದರೂ ಕೆಲವು ಹಳದಿ-ಕೆಂಪುಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಒದ್ದೆ ಬಟ್ಟೆಯ ಮೇಲೆ ಬ್ರಷ್ ಉರುಳಿಸಿದರೂ ತುದಿ ಕೂಡುತ್ತದೆ. ರಾಳದ ಗೊಂಬೆಯನ್ನು ಉಜ್ಜುವಾಗ ನೀರು ಹಾಕಿ ಉಜ್ಜು, ಮಾಸ್ಕ್ ಇರಲಿ.

ಬ್ರಷ್ ತೊಳೆದ ನೀರನ್ನು ಅಂಗಳದಾಚೆಯ ಹಳ್ಳಕ್ಕೆ ಚೆಲ್ಲಬೇಡ. ಅಕ್ರಿಲಿಕ್ ಎಂದರೆ ಕರಗಿದಂತೆ ಕಾಣುವ ಪ್ಲಾಸ್ಟಿಕ್. ಆ ಹಳ್ಳ ಭದ್ರೆಗೆ ಸೇರುತ್ತದೆ, ಭದ್ರೆ ಬಾಳೆಹೊನ್ನೂರು ದಾಟಿ ಮುಂದೆ ಎಷ್ಟೋ ಊರಿಗೆ ಕುಡಿಯುವ ನೀರು. ಹಳೆಯ ಬಕೆಟಿನಲ್ಲಿ ತಳ ಊರಲು ಬಿಡು, ಗಷ್ಟನ್ನು ಪೇಪರಿನ ಮೇಲೆ ಸುರಿದು ಒಣಗಿಸಿ ಕಸಕ್ಕೆ ಹಾಕು. ತೊಳೆಯುವ ಲೋಟಕ್ಕೆ ಕೆಂಪು ಪಟ್ಟಿ ಅಂಟಿಸು. ಕಾಫಿ ಲೋಟ ಪಕ್ಕದಲ್ಲೇ ಇರುವ ಮನೆ ನಮ್ಮದು.

ಇನ್ನು, ಮನೆಯವರು ಒಂದು ಮಾತು ಅಂದೇ ಅನ್ನುತ್ತಾರೆ. ಇಷ್ಟು ದೊಡ್ಡವಳಾಗಿ ಗೊಂಬೆಯಾಟವಾ ಎಂದು. ನೀನು ವಾದಕ್ಕೆ ಇಳಿಯಬೇಡ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಆಟಗಳನ್ನು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಸೇರಿಸಿದ ದೊರೆ. ಅಂಗೈಯಲ್ಲಿ ಅಡಗುವ ಎಲೆಯ ಮೇಲೆ ದೇವರು, ವಾಹನ, ಆಯುಧ ಎಲ್ಲ ಬರೆಯುತ್ತಿದ್ದರು. ನಮ್ಮ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರು ಅದಕ್ಕೆ ಮತ್ತೆ ಜೀವ ಕೊಟ್ಟರು. ದೂರ ಯಾಕೆ, ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿಯವರು ಹಕ್ಕಿಯ ಫೋಟೋ ತೆಗೆದರು, ಮೀನು ಹಿಡಿದರು, ಚಿತ್ರ ಬರೆದರು, ಕಂಪ್ಯೂಟರಿಗೆ ಕೈ ಹಾಕಿದರು. ಅದರಲ್ಲಿ ಯಾವುದು ಆಟ, ಯಾವುದು ಕೆಲಸ ಎಂದು ಯಾರೂ ಬೇರೆ ಮಾಡಿ ಹೇಳಲಾರರು.

ಒಂದೇ ಒಂದು ಕೋರಿಕೆ. ಪರದೇಶದ ಯೋಧರು, ಡ್ರ್ಯಾಗನ್ನುಗಳು ಆಗಲಿ, ಬೇಡವೆನ್ನುವುದಿಲ್ಲ. ಜೊತೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ನಿಂತವನು, ಸೊಂಟಕ್ಕೆ ಚೀಲ ಕಟ್ಟಿ ಹಣ್ಣು ಕೊಯ್ಯುವವಳು, ಏಣಿ ಹಾಕಿ ಮರಗಸಿ ಮಾಡುವವನು, ಇವರೂ ನಿನ್ನ ಸಾಲಿನಲ್ಲಿ ಬರಲಿ. ಇವರ ಅಚ್ಚು ಅಂಗಡಿಯಲ್ಲಿ ಸಿಗುವುದಿಲ್ಲ. ಎಪಾಕ್ಸಿ ಪುಟ್ಟಿಯಲ್ಲಿ ನೀನೇ ತಿದ್ದಬೇಕು. ಒದ್ದೆ ಕಂಬಳಿಯ ಕಪ್ಪು ಒಣ ಕಂಬಳಿಯ ಕಪ್ಪಿನ ಹಾಗಿರುವುದಿಲ್ಲ. ಅದನ್ನು ಯಾವ ವಿಡಿಯೋದವನೂ ಹೇಳಿಕೊಡಲಾರ, ಜಗಲಿಯಲ್ಲಿ ನೇತುಹಾಕಿದ್ದನ್ನು ನೋಡಿಯೇ ಕಲಿಯಬೇಕು.

ಕೊಳ್ಳುವ ಕ್ರಮ ಹೀಗಿರಲಿ: ಮೊದಲು ತೇವದ ಮೀಟರ್, ಆಮೇಲೆ ದೀಪ, ಆಮೇಲೆ ಎರಡು ಬ್ರಷ್, ಕೊನೆಗೆ ಬಣ್ಣ, ಅದೂ ಎಂಟೇ ಬಾಟಲಿ: ಬಿಳಿ, ಕಪ್ಪು, ಎರಡು ಕೆಂಪು, ಎರಡು ನೀಲಿ, ಹಳದಿ, ಕಂದು. ಹಸಿರು ಕೊಳ್ಳಬೇಡ, ಮಲೆನಾಡಿನ ಹುಡುಗಿ ಬಾಟಲಿಯ ಹಸಿರು ಹಚ್ಚಬಾರದು, ಕಲಸಿಯೇ ಮಾಡಿಕೊ. ಮೇಜನ್ನು ದಿನವೂ ಎತ್ತಿಡಬೇಕಾದ ಜಾಗದಲ್ಲಿ ಮಾತ್ರ ಹೂಡಬೇಡ. ಊಟಕ್ಕೆ ಮುಂಚೆ ಹತ್ತು ನಿಮಿಷ ಸಿಕ್ಕರೆ ಹೋಗಿ ಕೂತು ಒಂದು ತೋಳು ಮುಗಿಸಿ ಏಳುವ ಹಾಗಿರಬೇಕು. ಅಷ್ಟಾದರೆ ಉಳಿದದ್ದೆಲ್ಲ ಮಳೆಯೇ ಕಲಿಸುತ್ತದೆ.

ದೀಪಾವಳಿಗೆ ಬರುತ್ತೇನೆ. ಮೇಜು ತೋರಿಸಬೇಡ, ಗೊಂಬೆ ತೋರಿಸು.

ನಿನ್ನ,
ದೊಡ್ಡಪ್ಪ